ಕರೆನ್ಸಿ ಹಾಕಿಸುವವರ ಲೆಕ್ಕ

"ಯಾವ ಕಂಪನಿ ಸಿಮ್ ಚೀಪು?" ಬೆಂಗಳೂರಿನಲ್ಲಿ ಫೋನಿನ ಮಾತು ಬಂದರೆ ಮೊದಲು ಬರುವ ಪ್ರಶ್ನೆ ಇದೇ. ಆಫೀಸಿನಲ್ಲಿ ಕೇಳುತ್ತಾರೆ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಊರಿನಿಂದ ಹೊಸದಾಗಿ ಪಿಜಿಗೆ ಬಂದ ಮಕ್ಕಳು ಕೇಳುತ್ತಾರೆ. ನಮ್ಮ ಮನೆಯ ಐದು ಸಿಮ್‌ಗೂ ಕರೆನ್ಸಿ ಹಾಕಿಸುವ ಕೆಲಸ ವರ್ಷಗಳಿಂದ ನನ್ನದೇ. ಹಾಗಾಗಿ ನೆಂಟರಲ್ಲಿ ಯಾರಿಗೆ ಈ ಅನುಮಾನ ಬಂದರೂ ನನಗೇ ಫೋನ್ ಮಾಡುತ್ತಾರೆ. ಸುಮ್ನೆ ಒಂದು ಹೆಸರು ಹೇಳಿ ಮುಗಿಸಬಹುದಿತ್ತು. ಆದರೆ ಕೂತು ಲೆಕ್ಕ ಹಾಕುತ್ತಾ ಹೋದಂತೆ, ಪ್ರಶ್ನೆಯನ್ನೇ ಬೇರೆ ತರಹ ಕೇಳಬೇಕು ಅಂತ ನನಗೆ ಅನ್ನಿಸುತ್ತಾ ಬಂತು.

ಕಂಪನಿ ಬದಲಿಸಿದರೆ ಉಳಿಯುವ ದುಡ್ಡು ಅಷ್ಟಕ್ಕಷ್ಟೆ. ಉಳಿತಾಯ ಅದೇ ಕಂಪನಿಯಲ್ಲಿ ನೀವು ಎಷ್ಟು ದಿನದ ಪ್ಯಾಕ್ ಹಾಕಿಸುತ್ತೀರಿ ಅನ್ನುವುದರ ಮೇಲೆ ಜಾಸ್ತಿ ನಿಂತಿದೆ. ಕೈಯಲ್ಲಿ ಒಟ್ಟಿಗೆ ದುಡ್ಡಿಲ್ಲದೆ ಚಿಕ್ಕ ಚಿಕ್ಕ ಪ್ಯಾಕ್ ಹಾಕಿಸುವವರೇ ಈ ಊರಿನಲ್ಲಿ ಎಲ್ಲರಿಗಿಂತ ಜಾಸ್ತಿ ಕೊಡುತ್ತಿದ್ದಾರೆ. ಇದನ್ನು ಬರೆಯಬೇಕು ಅಂತ ಬಹಳ ದಿನದಿಂದ ಇತ್ತು.

ಲೆಕ್ಕಕ್ಕೆ ಮೊದಲು ಒಂದು ಮಾತು. ಇಲ್ಲಿ ಹೇಳುವ ದರಗಳೆಲ್ಲ 2024ರ ಜುಲೈನಲ್ಲಿ ಮೂರೂ ಖಾಸಗಿ ಕಂಪನಿಗಳು ಬೆಲೆ ಏರಿಸಿದ ಮೇಲಿನವು, ಬೇರೆ ಅಂತ ಹೇಳದ ಕಡೆಯೆಲ್ಲ ಪ್ರೀಪೇಯ್ಡ್‌ನವು. ಜುಲೈ 3ಕ್ಕೆ ಜಿಯೋ ಮತ್ತು ಏರ್‌ಟೆಲ್, ಮಾರನೇ ದಿನ ವಿ, ಅಂದರೆ ವೊಡಾಫೋನ್ ಐಡಿಯಾ. ದರಗಳು ಆಗಾಗ ಬದಲಾಗುತ್ತವೆ. ರೀಚಾರ್ಜ್ ಮಾಡುವ ಮೊದಲು ಆ ದಿನದ ದರವನ್ನು ಒಮ್ಮೆ ನೋಡಿಕೊಳ್ಳಿ. ಲೆಕ್ಕ ಹಾಕುವ ರೀತಿ ಮಾತ್ರ ದರ ಬದಲಾದರೂ ಇದೇ.

ಒಬ್ಬರಿಗೆ ದಿನಕ್ಕೆ 2 ಜಿಬಿ ಡೇಟಾ ಬೇಕು, ಮಾತು ಅನ್‌ಲಿಮಿಟೆಡ್ ಇರಬೇಕು ಅಂತ ಇಟ್ಟುಕೊಳ್ಳೋಣ. ಜಿಯೋದಲ್ಲಿ ಇದಕ್ಕೆ 28 ದಿನಕ್ಕೆ 349 ರೂಪಾಯಿ. 28 ದಿನದ ಪ್ಯಾಕ್ ಅಂದರೆ ವರ್ಷಕ್ಕೆ 12 ಸಲ ಹಾಕಿಸಿದರೆ ಸಾಲದು, 13 ಸಲ ಹಾಕಿಸಬೇಕು. 13 ಸಲಕ್ಕೆ 4,537 ರೂಪಾಯಿ. ಏರ್‌ಟೆಲ್‌ನಲ್ಲಿ ಇದೇ 2 ಜಿಬಿಗೆ 379 ರೂಪಾಯಿ. ಆದರೆ ಅದು ಪೂರ್ತಿ ಒಂದು ತಿಂಗಳಿಗೆ, ತಾರೀಕಿನಿಂದ ತಾರೀಕಿಗೆ. 12 ಸಲಕ್ಕೆ 4,548 ರೂಪಾಯಿ. ಅಂಗಡಿ ಬೋರ್ಡಿನಲ್ಲಿ 30 ರೂಪಾಯಿ ವ್ಯತ್ಯಾಸ ಕಾಣುತ್ತದೆ. ವರ್ಷ ಕಳೆದ ಮೇಲೆ ನೋಡಿದರೆ ವ್ಯತ್ಯಾಸ ಬರೀ 11 ರೂಪಾಯಿ. ಒಂದು ಕಾಫಿಯೂ ಬರುವುದಿಲ್ಲ.

ಈಗ ಅದೇ ಎರಡು ಕಂಪನಿಗಳ ವರ್ಷದ ಪ್ಯಾಕ್ ನೋಡಿ. ಜಿಯೋದಲ್ಲಿ 365 ದಿನಕ್ಕೆ 3,599 ರೂಪಾಯಿ, ಅದರಲ್ಲಿ ದಿನಕ್ಕೆ ಎರಡೂವರೆ ಜಿಬಿ. ಏರ್‌ಟೆಲ್‌ನಲ್ಲೂ 3,599 ರೂಪಾಯಿ, ದಿನಕ್ಕೆ 2 ಜಿಬಿ. ವಿ ಕಂಪನಿಯಲ್ಲಿ 3,499 ರೂಪಾಯಿ, ದಿನಕ್ಕೆ ಒಂದೂವರೆ ಜಿಬಿ. ಮೂರೂ ಕಂಪನಿ 100 ರೂಪಾಯಿ ಅಂತರದೊಳಗೆ ಬಂದು ನಿಂತಿವೆ. ಜಿಯೋದಲ್ಲೇ ಇದ್ದುಕೊಂಡು 28 ದಿನದ ಪ್ಯಾಕ್ ಬಿಟ್ಟು ವರ್ಷದ ಪ್ಯಾಕ್ ಹಾಕಿಸಿದರೆ 938 ರೂಪಾಯಿ ಉಳಿಯುತ್ತದೆ. ಮೇಲೆ ದಿನಕ್ಕೆ ಅರ್ಧ ಜಿಬಿ ಜಾಸ್ತಿ. ದಿನದ ಲೆಕ್ಕಕ್ಕೆ ಇಳಿಸಿದರೆ ಒಂದು ಕಡೆ 12 ರೂಪಾಯಿ 46 ಪೈಸೆ, ಇನ್ನೊಂದು ಕಡೆ 9 ರೂಪಾಯಿ 86 ಪೈಸೆ. ಅದೇ ಟವರ್, ಅದೇ ಸಿಮ್, ಅದೇ ಮಾತು. ಕಾಲು ಭಾಗಕ್ಕಿಂತ ಜಾಸ್ತಿ ಅಂತರ.

ಕಂಪನಿಗಳ ನಡುವೆ ವ್ಯತ್ಯಾಸವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ದಿನಕ್ಕೆ ಒಂದೂವರೆ ಜಿಬಿ ಸಾಕು ಅನ್ನುವವರಿಗೆ ಜಿಯೋದಲ್ಲಿ 28 ದಿನಕ್ಕೆ 299, ಏರ್‌ಟೆಲ್ ಮತ್ತು ವಿಯಲ್ಲಿ 349. 13 ಸಲಕ್ಕೆ 650 ರೂಪಾಯಿ ವ್ಯತ್ಯಾಸ. ಅದು ಚಿಕ್ಕ ಮೊತ್ತ ಅಲ್ಲ. 84 ದಿನದ ಪ್ಯಾಕಿನಲ್ಲೂ ಜಿಯೋ 799, ಉಳಿದೆರಡು 859. ಈ ಜಾಗದಲ್ಲಿ ಮಾತ್ರ "ಯಾವ ಕಂಪನಿ" ಅನ್ನುವ ಪ್ರಶ್ನೆಗೆ ನಿಜವಾದ ಬೆಲೆ ಇದೆ.

ಒಂದೂವರೆ ಜಿಬಿಯಲ್ಲೇ ಇನ್ನೊಂದು ವಿಷಯ ಇದೆ. ಜಿಯೋದಲ್ಲಿ 28 ದಿನದ 299ರ ಪಕ್ಕದಲ್ಲೇ 319ರ ಪ್ಯಾಕ್ ಇದೆ. ಡೇಟಾ ಅಷ್ಟೇ. ಆದರೆ ಇದು ಪೂರ್ತಿ ತಿಂಗಳಿನದು. 299ನ್ನು 13 ಸಲ ಹಾಕಿಸಿದರೆ 3,887 ಆಗುತ್ತದೆ, 319ನ್ನು 12 ಸಲ ಹಾಕಿಸಿದರೆ 3,828. ದುಬಾರಿಯಾಗಿ ಕಾಣುವುದೇ 59 ರೂಪಾಯಿ ಅಗ್ಗ. ಆದರೂ ಅಂಗಡಿಯಲ್ಲಿ ಎಲ್ಲರೂ 299 ಅಂತಲೇ ಕೇಳುತ್ತಾರೆ, ಯಾಕೆಂದರೆ ಕಣ್ಣಿಗೆ ಬೀಳುವುದು ಚಿಕ್ಕ ಅಂಕಿ. ಈ ತಿಂಗಳ ಪ್ಯಾಕ್ ತಾನಾಗಿ ಬಂದದ್ದಲ್ಲ. ಕಂಪನಿಗಳು ತಿಂಗಳು ಅಂದುಕೊಂಡು 28 ದಿನ ಕೊಡುತ್ತಿವೆ ಅಂತ ಜನ ದೂರಿದ್ದಕ್ಕೆ ದೂರಸಂಪರ್ಕ ನಿಯಂತ್ರಕರಾದ ಟ್ರಾಯ್ 2022ರ ಜನವರಿಯಲ್ಲಿ ಒಂದು ಆದೇಶ ಹೊರಡಿಸಿತು. ಪ್ರತಿ ಕಂಪನಿಯೂ 30 ದಿನದ ಒಂದು ಪ್ಯಾಕ್, ಪ್ರತಿ ತಿಂಗಳು ಅದೇ ತಾರೀಕಿಗೆ ಹಾಕಿಸಬಹುದಾದ ಒಂದು ಪ್ಯಾಕ್ ಇಡಲೇಬೇಕು ಅಂತ. ಸಂಬಳ ಬರುವ ತಾರೀಕಿಗೆ ಹೊಂದಿಸಿಕೊಳ್ಳುವವರಿಗೆ ಇದು ದೊಡ್ಡ ಅನುಕೂಲ. ಇದೆ ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಮೂರೂ ಕಂಪನಿಗಳ ದರ ಯಾಕೆ ಇಷ್ಟು ಹತ್ತಿರ ಹತ್ತಿರ ಇವೆ? ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಬೆಂಗಳೂರಿನಲ್ಲಿ ನನ್ನ ವಯಸ್ಸಿನವರಿಗೆಲ್ಲ ಸ್ಪೈಸ್ ನೆನಪಿರುತ್ತದೆ. ಹಚ್ ನೆನಪಿರುತ್ತದೆ. ಸ್ಪೈಸ್ ಐಡಿಯಾ ಕೈಗೆ ಹೋಯಿತು, ಹಚ್ ವೊಡಾಫೋನ್ ಆಯಿತು. 2018ರಲ್ಲಿ ವೊಡಾಫೋನ್, ಐಡಿಯಾ ಎರಡೂ ಸೇರಿಕೊಂಡವು. ಅದೇ ಇವತ್ತಿನ ವಿ. ಟಾಟಾ ಡೊಕೊಮೊ 2009ರಲ್ಲಿ ಸೆಕೆಂಡಿಗೆ ಒಂದು ಪೈಸೆ ಅಂತ ಬಂದಾಗ ಇಡೀ ಊರೇ ಮಾತಾಡಿಕೊಂಡಿತ್ತು. ನಿಮಿಷಕ್ಕೆ ಲೆಕ್ಕ ಹಾಕುತ್ತಿದ್ದ ಕಂಪನಿಗಳೆಲ್ಲ ಸೆಕೆಂಡಿನ ಲೆಕ್ಕಕ್ಕೆ ಇಳಿದವು. ಏರ್‌ಸೆಲ್ ಇತ್ತು, ರಿಲಯನ್ಸ್ ಇತ್ತು. ಆಗ ಫೋನಿನ ದರ ಕಡಿಮೆ ಆಗಿದ್ದಕ್ಕೆ ಕಾರಣ ಯಾರದೋ ಒಳ್ಳೆಯತನ ಅಲ್ಲ. ಒಬ್ಬರು ಏರಿಸಿದರೆ ಗ್ರಾಹಕರು ಇನ್ನೊಬ್ಬರ ಕಡೆ ಹೋಗುತ್ತಿದ್ದರು.

ರೋಮಿಂಗ್ ಕಾಲವನ್ನೂ ಇಲ್ಲಿ ನೆನೆಸಿಕೊಳ್ಳಬೇಕು. ಅತ್ತಿಬೆಲೆ ದಾಟಿ ಹೊಸೂರಿಗೆ ಹೋದರೆ ಸಾಕು, ಫೋನಿನಲ್ಲಿ ತಮಿಳುನಾಡಿನ ನೆಟ್‌ವರ್ಕ್ ಬಂದು ದರ ಏರಿಬಿಡುತ್ತಿತ್ತು. ದಿನಾ ಬೆಂಗಳೂರಿನಿಂದ ಹೊಸೂರಿನ ಕಾರ್ಖಾನೆಗಳಿಗೆ ಹೋಗಿಬರುವವರು ಎರಡೆರಡು ಸಿಮ್ ಇಟ್ಟುಕೊಳ್ಳುತ್ತಿದ್ದರು. ಈಗಿನ ಮಕ್ಕಳಿಗೆ ಅದು ಕತೆಯ ಹಾಗೆ ಕೇಳಿಸುತ್ತದೆ.

2016ರ ಸೆಪ್ಟೆಂಬರ್ 5ರಂದು ಜಿಯೋ ಬಂತು. ಅದಕ್ಕೆ ಮುಂಚೆ ತಿಂಗಳಿಗೆ 1 ಜಿಬಿ ಡೇಟಾಕ್ಕೆ ಸುಮಾರು 250 ರೂಪಾಯಿ ಕೊಡುತ್ತಿದ್ದೆವು. ಜಿಯೋ ಮೊದಲ ಕೆಲವು ತಿಂಗಳು ಎಲ್ಲವನ್ನೂ ಪುಕ್ಕಟೆ ಕೊಟ್ಟಿತು. ದಿನಕ್ಕೆ ಇಷ್ಟು ಜಿಬಿ ಅನ್ನುವ ಲೆಕ್ಕ ನಮಗೆಲ್ಲ ರೂಢಿಯಾಗಿದ್ದು ಅಲ್ಲಿಂದ. ಆಮೇಲೆ ಸಣ್ಣ ಕಂಪನಿಗಳು ಒಂದೊಂದಾಗಿ ಮುಚ್ಚಿದವು, ಇಲ್ಲವೇ ದೊಡ್ಡದರಲ್ಲಿ ಸೇರಿಹೋದವು. ಮೂರು ಖಾಸಗಿ ಕಂಪನಿ ಮತ್ತು ಸರ್ಕಾರದ ಬಿಎಸ್ಎನ್ಎಲ್ ಉಳಿದವು. ಅಲ್ಲಿಂದ ದರ ಮೂರು ದೊಡ್ಡ ಮೆಟ್ಟಿಲು ಹತ್ತಿತು. 2019ರ ಡಿಸೆಂಬರ್, 2021ರ ನವೆಂಬರ್, 2024ರ ಜುಲೈ. ಮೂರು ಸಲವೂ ಒಬ್ಬರ ಹಿಂದೆ ಒಬ್ಬರು, ಕೆಲವೇ ದಿನಗಳ ಅಂತರದಲ್ಲಿ. ಕಂಪನಿಗಳಿಗೂ ಅವರದೇ ಕಷ್ಟ ಇತ್ತು, ಅದನ್ನೂ ಹೇಳಬೇಕು. ಸರ್ಕಾರಕ್ಕೆ ಕಟ್ಟಬೇಕಾದ ಬಾಕಿಯ ಬಗ್ಗೆ 2019ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಅವುಗಳ ಮೇಲೆ ದೊಡ್ಡ ಹೊರೆ ಹೊರಿಸಿತು. 5ಜಿಗೆ ಸಾವಿರಾರು ಕೋಟಿ ಹಾಕಬೇಕಾಯಿತು. ದರ ಇಷ್ಟೇ ಇರಬೇಕು ಅಂತ ಟ್ರಾಯ್ ನಿಗದಿ ಮಾಡುವುದಿಲ್ಲ. ಅದನ್ನು ಕಂಪನಿಗಳಿಗೇ ಬಿಟ್ಟಿದೆ. 2025ರ ಏಪ್ರಿಲ್‌ನಿಂದ ಜೂನ್‌ವರೆಗಿನ ಲೆಕ್ಕದಲ್ಲಿ ಏರ್‌ಟೆಲ್‌ಗೆ ಒಬ್ಬ ಗ್ರಾಹಕರಿಂದ ತಿಂಗಳಿಗೆ ಸರಾಸರಿ 250 ರೂಪಾಯಿ ಬಂದಿದೆ. ಜಿಯೋಗೆ 209ರ ಹತ್ತಿರ. ಇನ್ನೂ ಏರಿಸಬೇಕು ಅಂತಲೇ ಕಂಪನಿಗಳವರು ಹೇಳುತ್ತಾ ಬಂದಿದ್ದಾರೆ.

ನನಗೆ ನಿಜವಾಗಿ ಬೇಜಾರಾಗುವುದು ದರ ಏರಿದ್ದಕ್ಕಲ್ಲ. ಕೆಳಗಿನ ಮೆಟ್ಟಿಲನ್ನು ತೆಗೆದುಹಾಕಿದ್ದಕ್ಕೆ.

2018ರ ಕೊನೆಯವರೆಗೂ ಸಿಮ್ ಇಟ್ಟುಕೊಳ್ಳುವುದಕ್ಕೆ ತಿಂಗಳು ತಿಂಗಳು ದುಡ್ಡು ಹಾಕಲೇಬೇಕು ಅಂತ ಇರಲಿಲ್ಲ. ಒಂದು ಸಲ ಟಾಕ್‌ಟೈಮ್ ಹಾಕಿಸಿದರೆ ಅದು ಮುಗಿಯುವವರೆಗೂ ಇರುತ್ತಿತ್ತು. ಮುಗಿದರೂ ಒಳಗೆ ಬರುವ ಕರೆ ಬರುತ್ತಿತ್ತು. ಊರಿನಲ್ಲಿರುವ ಅಪ್ಪ ಅಮ್ಮ ಮಿಸ್ಡ್ ಕಾಲ್ ಕೊಡುತ್ತಿದ್ದರು, ಬೆಂಗಳೂರಿನಿಂದ ಮಕ್ಕಳು ವಾಪಸ್ ಮಾಡುತ್ತಿದ್ದರು. ಹಾಗೇ ಎಷ್ಟೋ ಸಂಸಾರಗಳ ಮಾತುಕತೆ ನಡೆಯುತ್ತಿತ್ತು. ಆ ವರ್ಷದ ಕೊನೆಗೆ ಕನಿಷ್ಠ 35 ರೂಪಾಯಿ ಹಾಕಿಸಬೇಕು ಅನ್ನುವ ನಿಯಮ ಬಂತು. ಏರ್‌ಟೆಲ್‌ನಲ್ಲಿ ಆ ಕನಿಷ್ಠ ಮೊತ್ತ 2021ರಲ್ಲಿ 79ಕ್ಕೆ, ಅದೇ ವರ್ಷ 99ಕ್ಕೆ, ಆಮೇಲೆ 155ಕ್ಕೆ ಏರಿತು. 2024ರಲ್ಲಿ 28 ದಿನಕ್ಕೆ 199 ಆಯಿತು. 35 ರೂಪಾಯಿಗೆ ಸಿಗುತ್ತಿದ್ದದ್ದು ಒಂದಿಷ್ಟು ಟಾಕ್‌ಟೈಮ್, ಚೂರು ಡೇಟಾ ಮಾತ್ರ. 199ಕ್ಕೆ ಅನ್‌ಲಿಮಿಟೆಡ್ ಮಾತು ಸಿಗುತ್ತದೆ. ಇದನ್ನೂ ನ್ಯಾಯವಾಗಿ ಹೇಳಬೇಕು. ದಿನಾ ಗಂಟೆಗಟ್ಟಲೆ ಮಾತಾಡುವವರಿಗೆ ಈಗಿನ ದರ ನಿಜಕ್ಕೂ ಲಾಭವೇ. ಆದರೆ ಕರೆ ಬಂದರೆ ಎತ್ತಿಕೊಳ್ಳುವುದಕ್ಕೆ, ಬ್ಯಾಂಕಿನ ಓಟಿಪಿ ಬರುವುದಕ್ಕೆ ಮಾತ್ರ ಫೋನ್ ಇಟ್ಟುಕೊಂಡವರಿಗೆ? ಅವರಿಗೆ ಬೇಡದ ಅನ್‌ಲಿಮಿಟೆಡ್‌ಗೆ ಅವರು ದುಡ್ಡು ಕೊಡುತ್ತಿದ್ದಾರೆ. 2025ರ ಆಗಸ್ಟ್‌ನಲ್ಲಿ ಜಿಯೋ, ಏರ್‌ಟೆಲ್ ಎರಡೂ ದಿನಕ್ಕೆ 1 ಜಿಬಿ ಇದ್ದ 249ರ ಪ್ಲಾನನ್ನೂ ಆ್ಯಪ್‌ನಿಂದ ತೆಗೆದವು. ಹೀಗೇ ಮೆಟ್ಟಿಲು ಒಂದೊಂದಾಗಿ ಹೋಗುತ್ತಿದೆ.

ನಮ್ಮ ಅಮ್ಮನದೇ ಉದಾಹರಣೆ. ತುಮಕೂರು ಬಿಟ್ಟು ರಾಜಾಜಿನಗರದ ನಮ್ಮ ಮನೆಗೆ ಬಂದಮೇಲೂ ಅವರು ತಮ್ಮ ಬಟನ್ ಫೋನ್ ಬಿಟ್ಟಿಲ್ಲ. ದೊಡ್ಡ ಅಕ್ಷರದ ಬಟನ್ನು, ಒಂದು ಸಲ ಚಾರ್ಜ್ ಮಾಡಿದರೆ ನಾಲ್ಕೈದು ದಿನ ಬರುತ್ತದೆ. ತಂಗಿಯರ ಜೊತೆ ಮಾತಾಡುತ್ತಾರೆ, ಗ್ಯಾಸ್ ಬುಕ್ ಮಾಡಿದ್ದಕ್ಕೆ ಮೆಸೇಜ್ ಬಂದಿದೆಯಾ ನೋಡುತ್ತಾರೆ, ಪೆನ್ಷನ್ ಬಂದ ಮೆಸೇಜ್ ಬಂದರೆ ನನ್ನನ್ನು ಕರೆದು ಓದಿಸುತ್ತಾರೆ. ಅಷ್ಟೇ. ಡೇಟಾ ಅವರಿಗೆ ಯಾಕೆ ಬೇಕು? ಆದರೂ ಬಹಳ ಕಾಲ ಡೇಟಾ ಇಲ್ಲದ ಪ್ಯಾಕೇ ಇರಲಿಲ್ಲ. ಫೋನಿನಲ್ಲೇ ಇಂಟರ್ನೆಟ್ ಇಲ್ಲದವರು ಇಂಟರ್ನೆಟ್‌ಗೆ ದುಡ್ಡು ಕಟ್ಟಬೇಕಿತ್ತು.

2024ರ ಡಿಸೆಂಬರ್‌ನಲ್ಲಿ ಟ್ರಾಯ್ ಇದನ್ನು ಗಮನಿಸಿ ನಿಯಮ ತಿದ್ದಿತು. ಬರೀ ಮಾತು ಮತ್ತು ಎಸ್ಎಂಎಸ್ ಇರುವ ಒಂದು ಪ್ಯಾಕ್ ಆದರೂ ಇಡಬೇಕು, ಅಂಥ ಪ್ಯಾಕನ್ನು 365 ದಿನದವರೆಗೆ ಕೊಡಬಹುದು ಅಂತ. 2025ರ ಜನವರಿಯಲ್ಲಿ ಪ್ಯಾಕ್‌ಗಳು ಬಂದವು. ಏರ್‌ಟೆಲ್‌ನಲ್ಲಿ 84 ದಿನಕ್ಕೆ 469, ವರ್ಷಕ್ಕೆ 1,849. ಜಿಯೋದಲ್ಲಿ 84 ದಿನಕ್ಕೆ 448, 336 ದಿನಕ್ಕೆ 1,748. ತಿಂಗಳ ಲೆಕ್ಕಕ್ಕೆ ತಂದರೆ ಏರ್‌ಟೆಲ್‌ನ ವರ್ಷದ ಪ್ಯಾಕ್ 154 ರೂಪಾಯಿಯ ಹತ್ತಿರ ಬೀಳುತ್ತದೆ. 28 ದಿನದ 199ನ್ನೇ ಹಾಕಿಸುತ್ತಾ ಹೋದರೆ ವರ್ಷಕ್ಕೆ 2,587. ಅಮ್ಮನಂಥವರಿಗೆ 738 ರೂಪಾಯಿ ಉಳಿತಾಯ. ಆದರೆ ಈ ಒಳ್ಳೆಯ ಕೆಲಸದಲ್ಲೂ ಒಂದು ಕೊಸರು ಉಳಿಯಿತು. ಅದಕ್ಕೆ ಮುಂಚೆ ಏರ್‌ಟೆಲ್‌ನಲ್ಲಿ 1,999ಕ್ಕೆ ವರ್ಷಪೂರ್ತಿ ಮಾತಿನ ಜೊತೆ 24 ಜಿಬಿ ಸಿಗುತ್ತಿತ್ತು. ಈಗ ಡೇಟಾ ಬೇಡ ಅಂದರೆ 1,849, 30 ಜಿಬಿ ಬೇಕು ಅಂದರೆ 2,249. ಡೇಟಾ ಬಿಟ್ಟುಕೊಟ್ಟವರಿಗೆ ಉಳಿದದ್ದು 150 ರೂಪಾಯಿ, ಅಂದರೆ ತಿಂಗಳಿಗೆ ಹನ್ನೆರಡೂವರೆ. ಸ್ವಲ್ಪ ಡೇಟಾ ಇಟ್ಟುಕೊಂಡಿದ್ದವರಿಗೆ ಮೇಲೆ 250 ಬಿತ್ತು.

ಅಮ್ಮನ ವರ್ಷದ ಪ್ಯಾಕಿಗೆ ನಾನು ಒಟ್ಟಿಗೆ ದುಡ್ಡು ಹಾಕಬಲ್ಲೆ. ನಮ್ಮ ರಸ್ತೆ ಕೊನೆಯ ಮೊಬೈಲ್ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಬೇರೆಯವರ ಲೆಕ್ಕ ಕಾಣುತ್ತದೆ. ಸಂಜೆ ಹೊತ್ತು ಅಲ್ಲಿಗೆ ಬರುವವರಲ್ಲಿ ಹೂ ಮಾರುವವರಿದ್ದಾರೆ, ಮನೆಕೆಲಸದವರಿದ್ದಾರೆ, ಫುಡ್ ಡೆಲಿವರಿ ಹುಡುಗರಿದ್ದಾರೆ, ಪೀಣ್ಯದ ಗಾರ್ಮೆಂಟ್ಸ್‌ನಿಂದ ಬಸ್ಸಿಳಿದು ಬರುವ ಹೆಣ್ಣುಮಕ್ಕಳಿದ್ದಾರೆ. ಒಂದು ಸಲ ಹೂವಿನಮ್ಮ ಬಂದು ನಂಬರ್ ಹೇಳಿದರು.

"ಅಮ್ಮಾ, ಮೂರು ತಿಂಗಳದ್ದು ಹಾಕ್ಲಾ? ನಿಮಗೇ ಉಳಿಯುತ್ತೆ" ಅಂದ ಅಂಗಡಿ ಹುಡುಗ.

"ಮೂರು ತಿಂಗಳದ್ದು ಇವತ್ತೇ ಎಲ್ಲಿಂದ ತರ್ಲಪ್ಪಾ? ಮಾಮೂಲಿ ಹಾಕು" ಅಂದರು ಅವರು.

ಆ ಹುಡುಗನ ಸಲಹೆ ಸರಿಯಾಗಿತ್ತು. ಹೂವಿನಮ್ಮನ ಉತ್ತರವೂ ಸರಿಯಾಗಿತ್ತು. ಬೆಳಗಿನ ಜಾವ ಕೆ.ಆರ್. ಮಾರ್ಕೆಟ್‌ನಿಂದ ಹೂ ತರುವುದಕ್ಕೆ ಬೇಕಾದ ಬಂಡವಾಳವೂ ಅದೇ ದುಡ್ಡಿನಲ್ಲಿ ಬರಬೇಕು. 3,599 ಅವರಿಗೆ ಫೋನಿನ ದುಡ್ಡಲ್ಲ, ಕೆಲವು ದಿನದ ಹೂವಿನ ದುಡ್ಡು. ಹಾಗಂತ ಫೋನ್ ಬಿಡುವ ಹಾಗಿಲ್ಲ. ಬುಟ್ಟಿಯ ಪಕ್ಕ ಕ್ಯೂಆರ್ ಕೋಡ್ ಇದೆ. ಒಂದು ಮೊಳ ಮಲ್ಲಿಗೆಗೂ ಜನ ಸ್ಕ್ಯಾನ್ ಮಾಡುತ್ತಾರೆ. ದುಡ್ಡು ಬಂತಾ ಅಂತ ನೋಡುವುದಕ್ಕೆ ಡೇಟಾ ಬೇಕು. ಡೆಲಿವರಿ ಹುಡುಗರಿಗಂತೂ ಡೇಟಾ ನಿಂತರೆ ಆ ದಿನದ ಸಂಪಾದನೆ ನಿಲ್ಲುತ್ತದೆ. ಮ್ಯಾಪ್, ಆರ್ಡರ್, ಗ್ರಾಹಕರಿಗೆ ಫೋನ್, ಎಲ್ಲವೂ ಅದರಲ್ಲೇ. ದಿನದ ಕೋಟಾ ಸಂಜೆ ಮುಗಿದರೆ ಜಿಯೋದಲ್ಲಿ 19, ಏರ್‌ಟೆಲ್‌ನಲ್ಲಿ 22 ರೂಪಾಯಿ ಕೊಟ್ಟು 1 ಜಿಬಿ ಹಾಕಿಸಬೇಕು. ದಿನಕ್ಕೆ 2 ಜಿಬಿಯ ವರ್ಷದ ಪ್ಯಾಕ್ ಇದ್ದವರಿಗೆ ಅದೇ 1 ಜಿಬಿ 5 ರೂಪಾಯಿಯ ಒಳಗೆ ಬೀಳುತ್ತದೆ. ಬಿಡಿಯಾಗಿ ಕೊಳ್ಳುವವರು ನಾಲ್ಕು ಪಟ್ಟು ಕೊಡುತ್ತಾರೆ.

ದಿನಸಿ ಅಂಗಡಿಯಲ್ಲಿ ಕಾಲು ಕೆಜಿ ಸಕ್ಕರೆ ಕೊಳ್ಳುವವರಿಗೂ ಹೀಗೇ ಆಗುತ್ತದೆ ಅಂತ ಒಬ್ಬರು ನನಗೆ ಹೇಳಿದರು. ಆದರೆ ಸಕ್ಕರೆಯನ್ನು ಬಿಡಿಸಿ ತೂಗಿ ಪೊಟ್ಟಣ ಕಟ್ಟುವುದಕ್ಕೆ ಅಂಗಡಿಯವನಿಗೆ ಖರ್ಚಿದೆ. ಇಲ್ಲಿ ಟವರ್ ಅದೇ, ಸಿಮ್ ಅದೇ. 28 ದಿನಕ್ಕೊಮ್ಮೆ ರೀಚಾರ್ಜ್ ಮಾಡಿದರೆ ಅಂಗಡಿಯವರ ಕಮಿಷನ್ನು, ಸ್ವಲ್ಪ ಓಡಾಟ ಜಾಸ್ತಿ ಇರಬಹುದು. ಗ್ರಾಹಕ ಮುಂದಿನ ತಿಂಗಳು ಬಿಟ್ಟುಹೋಗಬಹುದು ಅನ್ನುವ ಭಯ ಕಂಪನಿಗೆ ಇರಬಹುದು. ಅದಕ್ಕೆ ಸ್ವಲ್ಪ ವ್ಯತ್ಯಾಸ ಇರಲಿ, ಒಪ್ಪುತ್ತೇನೆ. ಕಾಲು ಭಾಗಕ್ಕಿಂತ ಜಾಸ್ತಿ ಯಾಕೆ?

ಕರ್ನಾಟಕದಲ್ಲಿ ಇದನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು. ಗೃಹಲಕ್ಷ್ಮಿಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಬರುತ್ತದೆ. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ಹೋಯಿತು. ಗೃಹಜ್ಯೋತಿಯಿಂದ ಕರೆಂಟಿನ ಬಿಲ್ಲು ಎಷ್ಟೋ ಮನೆಗಳಲ್ಲಿ ಸೊನ್ನೆಯಾಯಿತು. ಒಂದು ಮನೆಯಲ್ಲಿ ಮೂರು ಫೋನ್ ಇದ್ದು, ಮೂರಕ್ಕೂ 299 ಹಾಕಿಸಿದರೆ 897 ರೂಪಾಯಿ. ಗೃಹಲಕ್ಷ್ಮಿ ದುಡ್ಡಿನ ಹತ್ತಿರ ಹತ್ತಿರ ಅರ್ಧ, ಅದೂ 28 ದಿನಕ್ಕೆ. ನೀರು, ಕರೆಂಟು, ಬಸ್ಸು ಎಲ್ಲದರ ದರದ ಬಗ್ಗೆ ಈ ಊರಿನಲ್ಲಿ ಚರ್ಚೆ ಆಗುತ್ತದೆ, ಆಗಲೂ ಬೇಕು. ಫೋನಿನ ದರ ಏರಿದಾಗ ಎರಡು ದಿನ ಗೊಣಗಿ ಸುಮ್ಮನಾಗುತ್ತೇವೆ.

2024ರಲ್ಲಿ ಒಂದಿಷ್ಟು ಜನ ಸುಮ್ಮನಾಗಲಿಲ್ಲ, ಅದೇ ನಂಬರ್ ಇಟ್ಟುಕೊಂಡು ಬಿಎಸ್ಎನ್ಎಲ್‌ಗೆ ಪೋರ್ಟ್ ಆದರು. ಅದು ಆಗ ದರ ಏರಿಸಿರಲಿಲ್ಲ. ಆಮೇಲೆ ಕೆಲವು ಪ್ಲಾನ್‌ಗಳಲ್ಲಿ ಬೆಲೆ ಹಾಗೇ ಇಟ್ಟು ದಿನ ಕಡಿಮೆ ಮಾಡಿತು. ದಿನದ ಲೆಕ್ಕ ನೋಡುವುದಕ್ಕೆ ಇದೂ ಒಂದು ಕಾರಣ. 2025ರ ಸೆಪ್ಟೆಂಬರ್‌ನಲ್ಲಿ ದೇಶದಲ್ಲೇ ಮಾಡಿದ ಉಪಕರಣಗಳಿಂದ ಅದರ 4ಜಿ ಅಧಿಕೃತವಾಗಿ ಶುರುವಾಯಿತು. ನಾಲ್ಕನೆಯ ಕಂಪನಿಯೊಂದು ಗಟ್ಟಿಯಾಗಿ ನಿಂತರೆ ಉಳಿದ ಮೂರರ ದರ ಹಿಡಿತದಲ್ಲಿರುತ್ತದೆ ಅನ್ನುವುದು ನನ್ನ ನಂಬಿಕೆ.

ಆದರೆ ಪೋರ್ಟ್ ಆಗುವ ಮೊದಲು ನಿಮ್ಮ ಮನೆಯೊಳಗೆ, ನೀವು ಕೆಲಸ ಮಾಡುವ ಜಾಗದಲ್ಲಿ ಟವರ್ ಸಿಗುತ್ತದಾ ಅಂತ ನೋಡಿ. ಬೆಂಗಳೂರಿನಲ್ಲಿ ಇದು ರಸ್ತೆಯಿಂದ ರಸ್ತೆಗೆ ಬದಲಾಗುತ್ತದೆ. 20-30 ಅಡಿ ರಸ್ತೆಯಲ್ಲಿ ಒತ್ತೊತ್ತಾಗಿ ನಾಲ್ಕು ಮಹಡಿ ಕಟ್ಟಿದ ಕಡೆ ಕೆಳಗಿನ ಮನೆಗೆ ಒಂದು ಕಂಪನಿ ಸಿಗುತ್ತದೆ, ಮೇಲಿನ ಮನೆಗೆ ಇನ್ನೊಂದು. ನಮ್ಮ ಮಾವನ ಕೋಣೆಯಲ್ಲಿ ಒಂದು ಕಂಪನಿಯ ಸಿಮ್ ಹಿಡಿಯುವುದೇ ಇಲ್ಲ. ಮಾತಾಡುವುದಕ್ಕೆ ಅವರು ಕಿಟಕಿ ಹತ್ತಿರ ಹೋಗಬೇಕಿತ್ತು. ಬದಲಾಯಿಸಿದ ಮೇಲೆ ವರ್ಷಕ್ಕೆ ಸ್ವಲ್ಪ ಜಾಸ್ತಿ ಆಯಿತು, ಆದರೆ ಈಗ ಕೂತಲ್ಲೇ ಮಾತಾಡುತ್ತಾರೆ. ಮೊದಲು ನೆರೆಹೊರೆಯವರ ಸಿಮ್ ಅನ್ನು ನಿಮ್ಮ ಮನೆಯೊಳಗೆ ತಂದು ನೋಡಿ. ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಪೋರ್ಟ್ ಮಾಡುವುದು ಈಗ ಸುಲಭ. ಇಂಗ್ಲಿಷಿನಲ್ಲಿ PORT ಅಂತ ಬರೆದು, ಜಾಗ ಬಿಟ್ಟು, ನಿಮ್ಮ ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿದರೆ ಒಂದು ಕೋಡ್ ಬರುತ್ತದೆ. ಈಗಿರುವ ಕಂಪನಿಯಲ್ಲಿ ಕನಿಷ್ಠ 90 ದಿನ ಆಗಿರಬೇಕು. ಹಳೆಯ ಪ್ಯಾಕ್‌ನಲ್ಲಿ ಉಳಿದ ದಿನಗಳು ಹೊಸ ಕಂಪನಿಗೆ ಬರುವುದಿಲ್ಲ. ವರ್ಷದ ಪ್ಯಾಕ್ ಹಾಕಿಸುವವರು ಇದನ್ನು ಮೊದಲೇ ಯೋಚಿಸಬೇಕು. ಮನೆ ಬದಲಿಸುವ ಸಾಧ್ಯತೆ ಇರುವ ಬಾಡಿಗೆದಾರರಿಗೆ 84 ದಿನದ ಪ್ಯಾಕ್ ಲೇಸು.

ಡೇಟಾ ಎಷ್ಟು ಬೇಕು ಅನ್ನುವುದೂ ಮನೆಯಲ್ಲಿ ಎಲ್ಲರಿಗೂ ಒಂದೇ ಅಲ್ಲ. ನಮ್ಮ ಮಾವ ಯೂಟ್ಯೂಬ್ ನೋಡುತ್ತಾರೆ, ಆದರೆ ಮನೆಯ ವೈಫೈನಲ್ಲಿ. ಅವರ ಸಿಮ್‌ಗೆ ದಿನಕ್ಕೆ 2 ಜಿಬಿ ಹಾಕಿಸಿದರೆ ಅದು ರಾತ್ರಿ 12ಕ್ಕೆ ಸುಮ್ನೆ ಹೋಗುತ್ತದೆ. ಪಿಯುಸಿ ಓದುವ ಮಗಳಿಗೆ ಕಾಲೇಜಿನಲ್ಲಿ, ಬಸ್ಸಿನಲ್ಲಿ ಬೇಕು. ಜಿಯೋ, ಏರ್‌ಟೆಲ್‌ನಲ್ಲಿ ಅನ್‌ಲಿಮಿಟೆಡ್ 5ಜಿ ಬರುವುದು ದಿನಕ್ಕೆ 2 ಜಿಬಿ ಅಥವಾ ಅದಕ್ಕೂ ಜಾಸ್ತಿ ಇರುವ ಪ್ಯಾಕ್‌ಗಳಲ್ಲಿ. 5ಜಿ ಫೋನ್ ಇದ್ದು, ಓಡಾಡುವ ಕಡೆಯೆಲ್ಲ 5ಜಿ ಸಿಗುತ್ತಿದ್ದರೆ ಆ ಪ್ಯಾಕ್ ಸರಿ. 4ಜಿ ಫೋನ್ ಇಟ್ಟುಕೊಂಡು ಅದನ್ನು ಹಾಕಿಸಿದರೆ ಆ ಲಾಭ ನಿಮಗಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹೋದ ತಿಂಗಳು ಎಷ್ಟು ಡೇಟಾ ಖರ್ಚಾಗಿದೆ ಅಂತ ಇರುತ್ತದೆ. ಅದನ್ನು ನೋಡಿ ಆಮೇಲೆ ಪ್ಯಾಕ್ ಆರಿಸಿ. ಸಿನಿಮಾ ಆ್ಯಪ್‌ಗಳು ಫ್ರೀ ಅಂತ ಜೊತೆಗೆ ಕಟ್ಟಿ ಕೊಡುವ ಪ್ಯಾಕ್‌ಗಳನ್ನು ನಾನು ನೋಡುವುದೇ ಇಲ್ಲ.

ಪೋಸ್ಟ್‌ಪೇಯ್ಡ್ ಬಗ್ಗೆ ಒಂದು ಎಚ್ಚರಿಕೆ. ಪ್ರೀಪೇಯ್ಡ್ ದರದಲ್ಲಿ ಜಿಎಸ್‌ಟಿ ಸೇರಿರುತ್ತದೆ, ಪೋಸ್ಟ್‌ಪೇಯ್ಡ್ ದರಕ್ಕೆ ಮೇಲೆ 18 ಪರ್ಸೆಂಟ್ ಸೇರುತ್ತದೆ. ಏರ್‌ಟೆಲ್‌ನ 449 ನಿಜವಾಗಿ 530 ರೂಪಾಯಿ. ಒಬ್ಬರಿಗೆ ಅದು ದುಬಾರಿಯೇ. ಆದರೆ ನಾಲ್ಕು ಜನಕ್ಕೆ ಸೇರಿ ತೆಗೆದುಕೊಂಡರೆ ಲೆಕ್ಕ ಬದಲಾಗುತ್ತದೆ. ಜಿಯೋದಲ್ಲಿ 449ರ ಮೇಲೆ ತಲಾ 150ರಂತೆ ಮೂರು ಸಿಮ್ ಸೇರಿಸಿದರೆ ತೆರಿಗೆ ಸೇರಿ 1,061 ರೂಪಾಯಿ, ಒಬ್ಬರಿಗೆ ತಿಂಗಳಿಗೆ 265. ತಿಂಗಳು ಅಂದರೆ ಪೂರ್ತಿ ತಿಂಗಳು. 28 ದಿನದ 299ಕ್ಕಿಂತ ಇದು ಅಗ್ಗ, ಒಟ್ಟಿಗೆ ವರ್ಷದ ದುಡ್ಡು ಹೊಂದಿಸುವ ಕಷ್ಟವೂ ಇಲ್ಲ. ಏರ್‌ಟೆಲ್‌ನಲ್ಲಿ ನಾಲ್ಕು ಜನದ 1,199ರ ಪ್ಲಾನ್ ತೆರಿಗೆ ಸೇರಿ ಒಬ್ಬರಿಗೆ 354 ಬೀಳುತ್ತದೆ. ಮನೆಯಲ್ಲಿ ವೈಫೈ ಇದ್ದು ಹೊರಗೆ ಡೇಟಾ ಕಡಿಮೆ ಸಾಕು ಅನ್ನುವವರಿಗೆ ಮಾತ್ರ ಇವು, ಯಾಕೆಂದರೆ ಇಲ್ಲಿ ದಿನದ ಕೋಟಾ ಇಲ್ಲ, ತಿಂಗಳಿಗೆ ಇಷ್ಟು ಅಂತ ಇರುತ್ತದೆ.

ನಮ್ಮಂಥವರಿಗೆ ಈ ಲೆಕ್ಕ ಹಾಕುವ ಪುರುಸೊತ್ತು ಇದೆ, ದುಡ್ಡು ಮುಂಗಡ ಹಾಕುವ ಅನುಕೂಲವೂ ಇದೆ. ಟ್ರಾಯ್‌ನವರದೇ ಒಂದು ಪೋರ್ಟಲ್‌ನಲ್ಲಿ ಎಲ್ಲ ಕಂಪನಿಗಳ ದರ ಹೋಲಿಸಿ ನೋಡಬಹುದು. ಹೂವಿನಮ್ಮ ಅದನ್ನು ಯಾವಾಗ ತೆರೆದು ನೋಡಬೇಕು?

ಕಿರಾಣಿ ಸಾಮಾನಿಗೆ ಕೆಲವು ವರ್ಷದ ಹಿಂದೆ ಒಂದು ನಿಯಮ ಜಾರಿಗೆ ಬಂತು. ಪ್ಯಾಕೆಟ್ ಮೇಲೆ ಒಟ್ಟು ಬೆಲೆಯ ಜೊತೆ ಗ್ರಾಂಗೆ ಇಲ್ಲವೇ ಕೆಜಿಗೆ ಎಷ್ಟು ಅಂತಲೂ ಅಚ್ಚು ಹಾಕಬೇಕು ಅಂತ. ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ನೋಡಿ, ಇರುತ್ತದೆ. ಫೋನಿನ ಪ್ಯಾಕ್‌ಗೂ ಇದೇ ಬೇಕು. 349ರ ಕೆಳಗೆ "ದಿನಕ್ಕೆ 12.46" ಅಂತ, 3,599ರ ಕೆಳಗೆ "ದಿನಕ್ಕೆ 9.86" ಅಂತ, ಆ್ಯಪ್‌ನಲ್ಲೂ ಅಂಗಡಿ ಬೋರ್ಡಿನಲ್ಲೂ, ಕನ್ನಡದಲ್ಲಿ. ಇನ್ನೂ ಒಂದು ಬೇಕು. 28 ದಿನದ ಪ್ಯಾಕಿನ ದಿನದ ದರ, ಅದೇ ಕಂಪನಿಯ ವರ್ಷದ ಪ್ಯಾಕಿಗಿಂತ ಇಷ್ಟಕ್ಕಿಂತ ಜಾಸ್ತಿ ಇರಬಾರದು ಅಂತ ಒಂದು ಮಿತಿ. ಬೆಲೆ ಎಷ್ಟಿರಬೇಕು ಅಂತ ಟ್ರಾಯ್ ಹೇಳಬೇಕಾಗಿಲ್ಲ, ಅಂತರ ಎಷ್ಟಿರಬೇಕು ಅಂತ ಹೇಳಿದರೆ ಸಾಕು. 30 ದಿನದ ಪ್ಯಾಕ್ ಬಂದದ್ದೂ, ಅಮ್ಮನ ಬಟನ್ ಫೋನಿಗೆ ಡೇಟಾ ಇಲ್ಲದ ಪ್ಯಾಕ್ ಬಂದದ್ದೂ ಟ್ರಾಯ್ ನಿಯಮ ಮಾಡಿದ್ದರಿಂದಲೇ. ನಿಯಮ ತಿದ್ದುವ ಮೊದಲು ಅವರು ಸಾರ್ವಜನಿಕರ ಅಭಿಪ್ರಾಯ ಕೇಳುತ್ತಾರೆ. ಮುಂದಿನ ಸಲ ಕೇಳಿದಾಗ ಈ ಎರಡು ಬೇಡಿಕೆಯನ್ನು ಲೆಕ್ಕದ ಸಮೇತ ನಾನು ಬರೆದು ಕಳಿಸುತ್ತೇನೆ. ನೀವೂ ನಿಮ್ಮ ಮನೆಯ ಲೆಕ್ಕ ಬರೆದು ಕಳಿಸಿ, ಸಾಧ್ಯವಾದರೆ ನಿಮ್ಮ ರಸ್ತೆಯಲ್ಲಿ "ಮಾಮೂಲಿ ಹಾಕು" ಅನ್ನುವವರದ್ದನ್ನೂ ಸೇರಿಸಿ.